ಪಾಲಿಗೆ ಬಂದ ನಾಯಿ

ಮೊನ್ನೆ ಕೆಂಕೆರೆಯಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಬಿಸಿಲು ಬಲವಾಗಿತ್ತು. ಮನೆಯವರು ಪಡಸಾಲೆಯ ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸಿ, ಆಗಾಗ ಅದರ ಮೇಲೆ ನೀರು ಚಿಮುಕಿಸುತ್ತಿದ್ದರು. ಬಂದವರೆಲ್ಲ ಆ ತಂಪನ್ನು ಕೊಂಡಾಡುತ್ತ ಅಲ್ಲಿಯೇ ನೆರೆದರು. ಎಲೆಯ ಮುಂದೆ ಕುಳಿತಿದ್ದ ನಾನು, ಒದ್ದೆಯಾದ ಬೇರಿನ ವಾಸನೆ ಮೂಗಿಗೆ ತಾಗಿದೊಡನೆ, ಅನ್ನ ಕಲಸುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿದೆ. ಯಾರಾದರೂ ಬಾಗಿಲು ಮುಚ್ಚಿಬಿಟ್ಟರೇನೋ ಎಂದು ತಿರುಗಿ ನೋಡಿದೆ. ಬಾಗಿಲು ತೆರೆದೇ ಇತ್ತು.

ಲಾವಂಚ ಅಭಿಷೇಕದ ನೀರಿಗೆ ಸಲ್ಲುವ ಪವಿತ್ರ ವಸ್ತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯನ್ನು ನಾನೂ ನನ್ನ ಮನೆಯವರಾದ ನಾಗರತ್ನಮ್ಮನೂ ಆ ವಾಸನೆಯ ಒಳಗೇ, ಒಂದೇ ಕೋಣೆಯಲ್ಲಿ, ಒಂದು ಪುಟ್ಟ ನಾಯಿಯ ಉಸಿರನ್ನು ಆಲಿಸುತ್ತ ಕಳೆದೆವು. ಯುಗಾದಿಯ ಹೊತ್ತಿನಿಂದ ಮಳೆಗಾಲದವರೆಗಿನ ಆ ಅವಧಿ ನನ್ನ ಬದುಕಿನಲ್ಲಿ ಬೇರೆಯಾಗಿಯೇ ನಿಂತಿದೆ.

ನಮ್ಮ ಮನೆ ನೊಣವಿನಕೆರೆಯಲ್ಲಿ. ನಾನು ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಾಠ ಹೇಳುತ್ತ, ನಿತ್ಯ ಬಸ್ಸಿನಲ್ಲಿ ಓಡಾಡಿ, ನಿವೃತ್ತನಾದವನು. ಹಿತ್ತಿಲಿಗೆ ಸೇರಿದಂತೆ ತೆಂಗಿನ ತೋಟವಿದೆ. ಇಳಿಸಿದ ಕಾಯಿಯನ್ನು ಹಳೆಯ ಪದ್ಧತಿಯಂತೆ ಅಟ್ಟಕ್ಕೆ ಏರಿಸುತ್ತೇವೆ. ಅದು ಅಲ್ಲಿಯೇ ಸಿಪ್ಪೆಯೊಳಗೆ ನಿಧಾನವಾಗಿ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ನಮಗೆ ಮಕ್ಕಳಾಗಲಿಲ್ಲ. ಆದರೆ ಮನೆ ಬರಿದಾಗಿರಲಿಲ್ಲ. ನಾಗರತ್ನಮ್ಮನ ತಾಯಿ ತೀರಿಕೊಂಡಾಗ ಅವರ ತಮ್ಮ ಮಲ್ಲಿಕಾರ್ಜುನ ಇನ್ನೂ ತೊಟ್ಟಿಲ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವರು ನನ್ನ ಮನೆ ತುಂಬಿದರು. ನಮ್ಮ ನಡುಮನೆಯಲ್ಲಿ ಅಂಬೆಗಾಲಿಟ್ಟು, ನನ್ನ ಬಳಿಯೇ ಅಕ್ಷರ ತಿದ್ದಿ, ಬೆಳೆದು, ತಿಪಟೂರಿನಲ್ಲಿ ತಂದೆಯ ಕೊಬ್ಬರಿ ಮಂಡಿಯನ್ನು ವಹಿಸಿಕೊಂಡ ಮಲ್ಲಣ್ಣ ನಮ್ಮಿಬ್ಬರಿಗೂ ಮಗನಂತೆ. ನಾಗರತ್ನಮ್ಮನಿಗಂತೂ ತವರೆಂದರೆ ಅವನೊಬ್ಬನೇ.

ನಾಯಿಯನ್ನು ತಂದವನೂ ಅವನೇ. ಬೆಂಗಳೂರಿನಲ್ಲಿ ಯಾರಲ್ಲೋ ಕೊಂಡದ್ದು. ಮೊಬೈಲ್ ಜಾಹೀರಾತಿನಲ್ಲಿ ಬರುತ್ತಿತ್ತಲ್ಲ, ಆ ಜಾತಿಯ ಪಗ್. ಚಪ್ಪಟೆಯಾದ ಕಪ್ಪು ಮೂತಿ, ಹಣೆಯ ತುಂಬ ನಿರಿಗೆ, ಹೊರಕ್ಕೆ ಚಾಚಿದ ದೊಡ್ಡ ಕಣ್ಣು. ಅದರ ಕೂದಲು ಸೋಫಾದ ಮೇಲೆಲ್ಲ ಉದುರುತ್ತದೆಂದು ಅವನ ಹೆಂಡತಿ ಬೇಸರಪಟ್ಟುಕೊಂಡಳೆಂಬ ಕಾರಣಕ್ಕೆ, ಕಾರ್ತಿಕ ಮಾಸದ ಒಂದು ಬೆಳಗ್ಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮಲ್ಲಿಗೆ ಬಂದ. ನಾನು ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದೆ.

"ಭಾವ, ಸುಮ್ನೆ ಕೊಡ್ತಾ ಇಲ್ಲ ಕಣ್ರೀ. ಹಸು ಕೊಟ್ಟಂಗೆ ಪಾಲಿಗೆ ಕೊಡ್ತಾ ಇದೀನಿ" ಎಂದು ನಕ್ಕ. "ಮೊದಲ್ನೇ ಸೂಲು ನಂದು. ಆಮೇಲಿಂದೆಲ್ಲ ನಿಮ್ದು."

ಪಾಲಿಗೆ ಸಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ದನವಿದ್ದವನು ಕಡಸನ್ನು ಇನ್ನೊಬ್ಬನ ಕೊಟ್ಟಿಗೆಗೆ ಕೊಡುತ್ತಾನೆ. ಸಾಕಿದವನು ಮೇಯಿಸಿ ಬೆಳೆಸುತ್ತಾನೆ. ಮೊದಲು ಹುಟ್ಟಿದ್ದು ಕೊಟ್ಟವನಿಗೆ. ಕರಾರು ಬರೆಯುವುದಿಲ್ಲ. ವೀಳ್ಯ ಕೊಟ್ಟು ವೀಳ್ಯ ತೆಗೆದುಕೊಂಡರೆ ಅದೇ ಮಾತು. ನನ್ನ ತಂದೆಯವರು ಹೀಗೆ ಎಷ್ಟೋ ದನಗಳನ್ನು ಸಾಕಿದ್ದರು. ಕೊಟ್ಟ ಮಾತಿನಿಂದ ಅವರು ಹಿಂದೆ ಸರಿದದ್ದನ್ನು ನಾನು ಕಾಣೆ. ಮಲ್ಲಣ್ಣ ದೇವರ ಮುಂದಿದ್ದ ತಟ್ಟೆಯಿಂದಲೇ ಎರಡು ವೀಳ್ಯದೆಲೆ, ಒಂದು ಅಡಿಕೆ ಎತ್ತಿ ನನ್ನ ಕೈಗಿಟ್ಟ. ಅವನಿಗೆ ಅದು ತಮಾಷೆ. ನಾನೂ ನಗುತ್ತಲೇ ಕೈ ನೀಡಿದೆ. ಆದರೆ ಎಲೆ ಅಂಗೈಗೆ ತಾಗಿದಾಗ ನಗು ನಿಂತಿತು; ಕೊರಳಲ್ಲಿ ಲಿಂಗವಿತ್ತು, ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

ನಾಗರತ್ನಮ್ಮ ನಾಯಿಯನ್ನು ಎತ್ತಿಕೊಂಡು, "ಒಳ್ಳೆ ಕೊಬ್ಬರಿ ಉಂಡೆ ಇದ್ದಂಗೆ ಐತಲ್ಲೋ ಮಲ್ಲ" ಎಂದರು. ಅಂದಿನಿಂದ ಅದರ ಹೆಸರು ಉಂಡೆ ಎಂದೇ ಆಯಿತು.

ಪೂಜೆಯ ಹೊತ್ತಿಗೆ ಉಂಡೆ ದೇವರ ಮನೆಯ ಹೊಸ್ತಿಲ ಈಚೆಗೆ ಬಂದು ಮಲಗುತ್ತಿತ್ತು. ನಾಯಿ ಭೈರವನ ವಾಹನ. ಅದನ್ನು ಅಟ್ಟಬಾರದೆಂದು ನಾನೂ ಸುಮ್ಮನಿದ್ದೆ. ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸಿ ಕುಳಿತಾಗ ಮನೆಯಲ್ಲಿ ಬೇರೆ ಸದ್ದಿರುವುದಿಲ್ಲ. ಆ ಮೌನದಲ್ಲಿ ಅದರ ಗಂಟಲಿನಿಂದ ದೀರ್ಘವಾದ ಒಂದು ನಾದ ಏಳುತ್ತಿತ್ತು. ಒಂದಿಷ್ಟು ತಡೆದು, ಕೊನೆಯಲ್ಲಿ ತುಟಿ ಮುಚ್ಚಿದಂತೆ ನಿಲ್ಲುತ್ತಿತ್ತು. ಹೂವು ಕೊಡಲು ಬಂದ ಪಕ್ಕದ ಮನೆಯ ಕಮಲಕ್ಕ ಒಂದು ದಿನ ಅದನ್ನು ಕೇಳಿ ಹೊಸ್ತಿಲಲ್ಲೇ ಕೈಮುಗಿದು ನಿಂತುಬಿಟ್ಟರು.

"ನಾಗು, ಇದು ಓಂ ಅಂತದೆ ಕಣೇ. ಸರಿಯಾಗಿ ಕೇಳು ಬೇಕಾರೆ."

ಆಮೇಲೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಹಿಂದಿನ ಜನ್ಮದಲ್ಲಿ ಯಾರೋ ಶರಣರಿದ್ದಿರಬೇಕು ಎಂದರು ಒಬ್ಬರು. ಶಾಪಗ್ರಸ್ತ ಪುರೋಹಿತನಿರಬೇಕು, ಅದಕ್ಕೇ ಹೊಟ್ಟೆ ಅಷ್ಟು ದಪ್ಪ ಎಂದರು ಮತ್ತೊಬ್ಬರು. ಸೋಮವಾರಗಳಲ್ಲಿ ಉಂಡೆಯ ಮುಂದೆ ಬಾಳೆಹಣ್ಣು ಬಂದು ಬೀಳುತ್ತಿತ್ತು. ನಾಗರತ್ನಮ್ಮನ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಹೆಮ್ಮೆ ಮೂಡಿತ್ತು. ಸುದ್ದಿ ತಿಪಟೂರಿನ ಮಂಡಿಗೂ ಹೋಯಿತು. ಮಲ್ಲಣ್ಣ ಫೋನು ಮಾಡಿ, "ಭಾವ, ಓಂಕಾರದ ಮರಿ ಬೇಕು ಅಂತ ಇಲ್ಲಿ ಕ್ಯೂ ನಿಂತವ್ರೆ. ನಾನು ಆಗ್ಲೇ ಮಾತು ಕೊಟ್ಟಾಗೈತೆ" ಎಂದ.

ವ್ಯಾಕರಣ ಓದಿದವನ ಕಿವಿ ಪೂಜೆಯ ನಡುವೆಯೂ ತನ್ನ ಕೆಲಸವನ್ನು ಬಿಡುವುದಿಲ್ಲ. ಅಕಾರ ಹುಟ್ಟುವುದು ಕಂಠದಲ್ಲಿ. ಅದಕ್ಕೆ ಗಂಟಲು ತೆರೆಯಬೇಕು. ಉಕಾರಕ್ಕೆ ತುಟಿ ಸಾಕು. ಮಕಾರಕ್ಕೆ ತುಟಿಯ ಜೊತೆಗೆ ಮೂಗೂ ಬೇಕು. ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟ ಮೊದಲ ಪಾಠವಿದು. ಉಂಡೆಯ ನಾದದಲ್ಲಿ ಅಕಾರವಿರಲಿಲ್ಲ. ಗಂಟಲು ತೆರೆಯಬೇಕಾದ ಕ್ಷಣದಲ್ಲಿ ಒಳಗೆ ಏನೋ ಜಾರಿ ಬಂದು ಮುಚ್ಚಿಕೊಂಡಂತಹ ಸದ್ದು ಅದು. ಮಕಾರದ ಹೊತ್ತಿಗೆ ಮೂಗಿನಿಂದ ಗಾಳಿ ಹೊರಡಬೇಕಲ್ಲವೇ? ಬತ್ತಿಗೆಂದು ಇಟ್ಟಿದ್ದ ಹತ್ತಿಯಿಂದ ಒಂದು ಎಳೆ ತೆಗೆದು ಅದರ ಹೊಳ್ಳೆಯ ಮುಂದೆ ಹಿಡಿದೆ. ಎಳೆ ಅಲುಗಲಿಲ್ಲವೆಂದೇ ಹೇಳಬೇಕು.

ಇದನ್ನು ನಾಗರತ್ನಮ್ಮನಿಗೆ ಹೇಳಿದೆ. "ನಾಯಿಗೂ ಉಚ್ಚಾರಣೆ ತಿದ್ದಕ್ಕೆ ಹೊರಟ್ರಾ? ಅದೇನು ನಿಮ್ಮ ಕ್ಲಾಸ್ನಾಗೆ ಕೂತೈತಾ?" ಎಂದು ನಕ್ಕುಬಿಟ್ಟರು. ಆದರೆ ಅಂದಿನಿಂದ ನನ್ನ ಪೂಜೆಯಲ್ಲಿ ಏಕಾಗ್ರತೆ ಉಳಿಯಲಿಲ್ಲ. ಪ್ರತಿ ಉಸಿರಿನ ನಡುವಿನ ತಡೆಯಲ್ಲಿ, ಮುಂದಿನದು ಬಂದೀತೇ ಎಂದು ಕಿವಿ ಕಾಯುತ್ತಿತ್ತು.

ಶಿವರಾತ್ರಿ ಕಳೆಯಿತು. ಚಳಿ ಹೋದದ್ದೇ ತಡ, ಬಿಸಿಲು ತೋಟದ ನೆರಳನ್ನೂ ದಾಟಿ ಒಳಗೆ ಬಂದಿತು. ಯುಗಾದಿಗೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ, ಉಂಡೆ ಅಂಗಳದಲ್ಲಿ ಒಂದು ಗಿಳಿಯನ್ನು ಅಟ್ಟಿಸಿಕೊಂಡು ಹೋಗಿ, ತುಳಸಿಕಟ್ಟೆಯ ಬಳಿ ಮಗ್ಗುಲಾಗಿ ಬಿದ್ದಿತು. ನಾಲಗೆ ನೇರಳೆಹಣ್ಣು ತಿಂದಂತೆ ಕಪ್ಪಿಟ್ಟಿತ್ತು. ಕಣ್ಣು ತೆರೆದೇ ಇದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ನಾಗರತ್ನಮ್ಮ ಬಿಂದಿಗೆಯ ನೀರನ್ನು ಅದರ ಮೈಮೇಲೆ ಸುರಿಯುತ್ತ ಶಿವ ಶಿವ ಎನ್ನುತ್ತಿದ್ದರು. ನಾನು ಪಶುವೈದ್ಯೆಗೆ ಫೋನು ಮಾಡಿದೆ. ಪುಣ್ಯಕ್ಕೆ ಅವರು ಹತ್ತಿರದ ಹಳ್ಳಿಯಲ್ಲೇ ಹಸುವೊಂದನ್ನು ನೋಡಲು ಬಂದಿದ್ದರು. ಸ್ಕೂಟರಿನಲ್ಲಿ ಬಂದು, ಸೂಜಿ ಚುಚ್ಚಿ, ಒದ್ದೆ ಬಟ್ಟೆಯನ್ನು ಹೊಟ್ಟೆಯ ಕೆಳಗೆ ಹಾಸಿ, ನಾಲಗೆಗೆ ಮತ್ತೆ ಕೆಂಪು ಬರುವ ತನಕ ನೆಲದ ಮೇಲೆಯೇ ಕುಳಿತಿದ್ದರು. ಆಮೇಲೆ ಅದರ ಬಾಯಗಲಿಸಿ, ಮೊಬೈಲಿನ ಬೆಳಕು ಬಿಟ್ಟು ನನಗೂ ತೋರಿಸಿದರು.

"ನೋಡಿ ಮೇಷ್ಟ್ರೇ, ಅಂಗುಳದ ಹಿಂದಿನ ಈ ಮೆತ್ತನೆ ಮಾಂಸ. ಇರಬೇಕಾದ್ದಕ್ಕಿಂತ ಉದ್ದ ಐತೆ. ಉಸಿರು ಎಳೆದಾಗೆಲ್ಲ ಗಂಟಲಿಗೆ ಅಡ್ಡ ಬತ್ತದೆ. ಮೂಗಿನ ಹೊಳ್ಳೆ ನೋಡಿ, ಗೆರೆ ಎಳ್ದಂಗೆ ಅಷ್ಟೇ. ಹುಟ್ಟಿದಾಗ್ಲಿಂದ ಇದು ಯಾವತ್ತೂ ಪೂರ್ತಿ ಉಸಿರು ತಗೊಂಡಿಲ್ಲ."

"ಹಂಗಾರೆ ಆ ಓಂಕಾರ?" ಎಂದರು ನಾಗರತ್ನಮ್ಮ.

ವೈದ್ಯೆ ಎದುರಿನ ಗೂಡಿನಲ್ಲಿದ್ದ ದೀಪವನ್ನು ಒಮ್ಮೆ ನೋಡಿ, ಮೆಲ್ಲಗೆ, "ಅದು ಗಾಳಿ ಸಾಲದೆ ಬರೋ ಸದ್ದಮ್ಮ" ಎಂದರು.

ಈ ದೋಷ ಉಂಡೆಯೊಂದರದೇ ಅಲ್ಲವೆಂದು ಅವರು ತಿಳಿಸಿದರು. ಮೂತಿ ಚಪ್ಪಟೆಯಾಗಿದ್ದಷ್ಟೂ ಮುದ್ದು ಎಂದು ಜನ ಅಂತಹ ನಾಯಿಗಳನ್ನೇ ಆರಿಸಿ ಕೂಡಿಸುತ್ತ ಬಂದಿದ್ದಾರೆ. ಮೂಳೆ ಕುಗ್ಗಿದರೂ ಒಳಗಿನ ಮಾಂಸ ಕುಗ್ಗಲಿಲ್ಲ. ಅಪ್ಪ ಅಮ್ಮನಿಂದ ಮರಿಗೆ, ಮರಿಯಿಂದ ಅದರ ಮರಿಗೆ ಈ ಸಂಕಟ ಇಳಿಯುತ್ತಲೇ ಇದೆ. ಶಸ್ತ್ರಚಿಕಿತ್ಸೆಯಿಂದ ಹೊಳ್ಳೆಯನ್ನು ಅಗಲಿಸಬಹುದು, ಉದ್ದದ ಮಾಂಸವನ್ನು ಕತ್ತರಿಸಬಹುದು, ಆದರೆ ಈ ಸೆಕೆಯಲ್ಲಿ ಅರಿವಳಿಕೆ ಕೊಟ್ಟರೆ ಅದು ಏಳುತ್ತದೆಂಬ ಭರವಸೆಯಿಲ್ಲ. ಮಳೆ ಬೀಳುವವರೆಗೆ ತಂಪಿನಲ್ಲಿ ಇಟ್ಟುಕೊಂಡಿರಬೇಕು.

"ಮರಿ ಹಾಕ್ಸಿದ್ರೆ?" ಎಂದು ನಾನು ಕೇಳಿದೆ.

"ಬ್ಯಾಡಿ ಮೇಷ್ಟ್ರೇ. ಬಸಿರಿನ ಭಾರಕ್ಕೆ ಉಸಿರು ಇನ್ನೂ ಕಟ್ಟತದೆ. ಮರಿಗಳ ತಲೆ ದಪ್ಪ, ತಾನಾಗೆ ಈಯೋದು ಕಷ್ಟ, ಹೊಟ್ಟೆ ಕೊಯ್ದೇ ತೆಗೀಬೇಕಾಗಬಹುದು. ಉಳಿದ್ರೂ ಆ ಮರಿಗಳಿಗೆ ಇದೇ ಗಂಟಲು."

ಹೀಗೆ ನಮ್ಮ ಸೆರೆವಾಸ ಆರಂಭವಾಯಿತು. ಅಟ್ಟದ ಕೆಳಗಿನ ಕೋಣೆ ಮನೆಯಲ್ಲೇ ತಂಪಾದದ್ದು. ಮೇಲೆ ರಾಶಿ ಬಿದ್ದ ಕಾಯಿ ಹೆಂಚಿನ ಕಾವನ್ನು ತಡೆಯುತ್ತದೆ. ಅದರ ಒಂದೇ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿದೆವು. ತಿಪಟೂರಿನಿಂದ ಮೆಕ್ಯಾನಿಕ್ ರಫೀಕ್ ಸಾಹೇಬರು ಬಂದು ಕೂಲರ್ ಕೂರಿಸಿದರು. "ಪಂಡಿತ್ರೇ, ಮೂವತ್ತು ವರ್ಷ ನೀವು ಬೀಸಣಿಗೆ ಬೀಸ್ಕೊಂಡು ಕಳೆದ್ರಿ. ಈಗ ನಾಯಿಯೋರ ದಯೆಯಿಂದ ನಿಮಗೂ ತಣ್ಣಗಾಯ್ತು ಬುಡಿ" ಎಂದು ನಗಿಸಿ ಹೋದರು. ಆ ಕೋಣೆಯಲ್ಲಿ ಹೊರಗಿನವರ ನಗು ಕೇಳಿಸಿದ್ದು ಅದೇ ಕೊನೆ.

ಬೆಳಕು ಹರಿಯುವ ಮುನ್ನ ಉಂಡೆಯನ್ನು ಒಮ್ಮೆ ಹೊರಗೆ ಬಿಡುವುದು, ಮತ್ತೆ ಹೊತ್ತು ಮುಳುಗಿದ ಮೇಲೆ; ನಡುವೆ ಬಾಗಿಲು ಮುಚ್ಚಿಯೇ ಇರಬೇಕು. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಕೂರಬೇಕು, ಏಕೆಂದರೆ ಕರೆಂಟು ಹೋದರೆ ತಟ್ಟಿಗೆ ನೀರು ಹಾಕಿ ಬೀಸಬೇಕು. ನನ್ನ ಸೋಮವಾರದ ಗುಡಿ ನಿಂತಿತು. ನಾಗರತ್ನಮ್ಮನ ಭಜನೆ ನಿಂತಿತು. ಪೂಜೆಯನ್ನೂ ಅಲ್ಲಿಯೇ ಮಾಡಿಕೊಂಡೆ. ಮೇಲೆ ಅಟ್ಟದಲ್ಲಿ ಇಲಿ ಓಡಿದಾಗ, ಒಣಗಿದ ಕಾಯಿಯೊಳಗಿನ ಉಂಡೆ ಕೊಬ್ಬರಿ ಚಿಪ್ಪಿಗೆ ತಾಗಿ ಲೊಟಲೊಟ ಎನ್ನುತ್ತಿತ್ತು. ಕೆಳಗೆ ಕೂಲರಿನ ಭೋರೆಂಬ ಸದ್ದು. ಅದರೊಳಗೆ ಉಂಡೆಯ ಉಸಿರು. ಮಾತನಾಡುತ್ತಿದ್ದಂತೆಯೇ ಆ ಉಸಿರು ತಡೆದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಅದು ಮತ್ತೆ ಬಂದಾಗ, ಏನು ಮಾತನಾಡುತ್ತಿದ್ದೆವೆಂಬುದು ಇಬ್ಬರಿಗೂ ಮರೆತಿರುತ್ತಿತ್ತು. ಕ್ರಮೇಣ ನಮ್ಮ ಉಸಿರಾಟವೂ ಅದರ ಲಯಕ್ಕೆ ಸಿಕ್ಕಿಬಿದ್ದಿತು. ಜಪಕ್ಕೆ ಕುಳಿತರೆ ಪಂಚಾಕ್ಷರಿಯು ಅದರ ಉಸಿರು ನಿಂತಲ್ಲೇ ನಿಲ್ಲುತ್ತಿತ್ತು.

ಯುಗಾದಿಯ ಬೇವು ಬೆಲ್ಲ ಹಂಚಿದ ವಾರದಲ್ಲೇ ಉಂಡೆ ಬೆದೆಗೆ ಬಂದಿತು. ಊರಿನ ಗಂಡು ನಾಯಿಗಳೆಲ್ಲ ನಮ್ಮ ಗೇಟಿನ ಮುಂದೆ ಸೇರಿದವು. ಹಿತ್ತಿಲ ಬೇಲಿಯ ಕೆಳಗೆ ಮಣ್ಣು ಕೆದರಿದವು. ಹಗಲೆಲ್ಲ ಊಳಿಡುತ್ತ, ಹಾಲಿನವನ ಮೇಲೆ ಎರಗುತ್ತ, ಜಗಲಿಯ ಮೇಲೂ ಮಲಗತೊಡಗಿದವು. ಈಗ ಬಾಗಿಲನ್ನು ನಸುಕಿನಲ್ಲೂ ತೆರೆಯುವಂತಿಲ್ಲ. ಉಂಡೆಯೂ ಒಳಗಿನಿಂದ ಬಾಗಿಲನ್ನು ಕೆರೆಯುತ್ತ, ಆ ಶ್ರಮಕ್ಕೇ ಏದುಸಿರು ಬಿಡುತ್ತ, ತಟ್ಟಿಯ ಬುಡದಲ್ಲಿ ಬಂದು ಬೀಳುತ್ತಿತ್ತು. ಹೊರಗೆ ಬಿಸಿಲು, ಬಿಸಿಲಿನಲ್ಲಿ ನಾಯಿಗಳು, ಒಳಗೆ ನಾವು.

ಸುದ್ದಿ ಹೇಗೆ ಹೋಯಿತೋ, ಮಲ್ಲಣ್ಣನ ಫೋನು ಬಂದಿತು. ಹಾಸನದಿಂದ ಗಂಡು ಪಗ್ಗನ್ನು ಗೊತ್ತು ಮಾಡಿದ್ದಾನೆ, ನಾಳಿದ್ದು ಕರೆದುಕೊಂಡು ಬರುತ್ತಾನೆ. ನಾನು ವೈದ್ಯೆ ಹೇಳಿದ್ದನ್ನೆಲ್ಲ ವಿವರಿಸಿದೆ. ಅವನು ತಾಳ್ಮೆಯಿಂದಲೇ ಕೇಳಿದ. "ಭಾವ, ಡಾಕ್ಟ್ರುಗಳು ಎಲ್ಲಕ್ಕೂ ಹಂಗೇ ಹೇಳ್ತಾರೆ. ನಮ್ಮಜ್ಜಿ ಹೆರೋವಾಗ ಯಾವ ಡಾಕ್ಟ್ರು ಇದ್ರು? ನೋಡನ ಬುಡಿ. ಅದೂ ಅಲ್ದೆ, ನೀವು ವೀಳ್ಯ ಇಸ್ಕಂಡಿದೀರ" ಎಂದ. ಕೊನೆಯ ಮಾತನ್ನು ಅವನು ನಗುತ್ತಲೇ ಹೇಳಿದ್ದು.

ಆ ಎರಡು ದಿನ ನಾನು ಅನುಭವಿಸಿದ ಇಕ್ಕಟ್ಟನ್ನು ಹೇಗೆ ಹೇಳಲಿ. ಮಾತನ್ನು ಉಳಿಸಿಕೊಂಡರೆ ಪ್ರಾಣಿ ಸಾಯುತ್ತದೆ, ಅಥವಾ ತನ್ನಂತೆಯೇ ಉಸಿರಿಗೆ ಬಾಯಿ ಬಿಡುವ ಮರಿಗಳನ್ನು ಲೋಕಕ್ಕೆ ತರುತ್ತದೆ. ಮಾತು ತಪ್ಪಿದರೆ ಪಾಲಿನ ನ್ಯಾಯದಂತೆ ಅವನು ನಾಯಿಯನ್ನು ಹಿಂದಕ್ಕೆ ಕೇಳಬಹುದು. ಆಗಲೂ ಉಂಡೆಗೆ ಅದೇ ಗತಿ. ಎರಡಕ್ಕೂ ಒಪ್ಪದೆ ನಿಂತರೆ ನಾಗರತ್ನಮ್ಮನಿಗೆ ತವರು ಇಲ್ಲವಾಗುತ್ತದೆ. ಶಾಸ್ತ್ರಗ್ರಂಥಗಳನ್ನು ತೆರೆದು ಕುಳಿತೆ. ಸತ್ಯದ ಹಿರಿಮೆಯೂ ಅಲ್ಲಿತ್ತು, ದಯೆಯ ಹಿರಿಮೆಯೂ ಅಲ್ಲಿತ್ತು. ಎರಡೂ ಎದುರುಬದುರಾಗಿ ನನ್ನ ಜಗಲಿಗೆ ಬಂದು ನಿಂತಾಗ ಯಾವುದಕ್ಕೆ ಮೊದಲು ಚಾಪೆ ಹಾಸಬೇಕೆಂದು ನನ್ನ ಓದು ಹೇಳಲಿಲ್ಲ.

ನಾಗರತ್ನಮ್ಮ ಒಂದು ದಾರಿ ಸೂಚಿಸಿದರು. "ದೇವ್ರಿಗೆ ಬಿಟ್ಟಿದೀವಿ ಅಂತ ಹೇಳ್ಬುಡಿ. ಬಸವನ್ನ ಬಿಟ್ಟಂಗೆ. ದೇವ್ರಿಗೆ ಬಿಟ್ಟಿದ್ರಲ್ಲಿ ಯಾರೂ ಪಾಲು ಕೇಳಲ್ಲ."

"ಬಿಟ್ಟಿದ್ದೇವೆಯೇ?"

"ಇಲ್ಲ. ಹೇಳ್ಬುಡಿ ಅಷ್ಟೇ."

"ಹಾಗೆ ಹೇಳಿದ ಬಾಯಲ್ಲಿ ನಾಳೆ ಮಂತ್ರ ಹೇಗೆ ಹೇಳಲಿ?"

ಅವರು, "ಹಂಗಾರೆ ನಿಮ್ಮ ಮಂತ್ರನೇ ಉಳಿಸ್ಕೊಳಿ" ಎಂದು ಮಗ್ಗುಲು ತಿರುಗಿ, ಉಂಡೆಯ ಮುಖದ ನಿರಿಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಆ ನಿರಿಗೆಗಳಲ್ಲಿ ತೇವ ನಿಂತು ಹುಣ್ಣಾಗುತ್ತಿತ್ತು. ದಿನವೂ ಒರೆಸಿ ಒಣಗಿಸಬೇಕಾಗಿತ್ತು.

ಮಲ್ಲಣ್ಣ ಬಂದಾಗ ಮಧ್ಯಾಹ್ನ. ಕಾರಿನ ಸುತ್ತ ಬೀದಿನಾಯಿಗಳು ಮುತ್ತಿಕೊಂಡದ್ದರಿಂದ ಚಾಲಕ ಕೆಳಗಿಳಿಯಲೇ ಇಲ್ಲ. ಗಂಡು ಪಗ್ ಹಿಂದಿನ ಸೀಟಿನಲ್ಲಿ, ಏಸಿಯ ತಂಪಿನಲ್ಲಿ, ಬಾಯಿ ತೆರೆದು ಮಲಗಿತ್ತು. ಗಾಜು ಇಳಿಸಿದಾಗ ಅದರ ಗೊರಕೆ ಬೇಲಿಯವರೆಗೂ ಕೇಳಿಸಿತು. ಅಲ್ಲಿ ನಿಂತಿದ್ದ ಕಮಲಕ್ಕ, "ಅಯ್ಯೋ, ಇದೂ ಓಂ ಅಂತದಲ್ಲಪ್ಪ" ಎಂದರು. ಅದೇ ಗಂಟಲು, ಅದೇ ತಡೆ.

ಮಲ್ಲಣ್ಣ ಒಳಗೆ ಬಂದು ಅಕ್ಕನ ಕಾಲಿಗೆ ನಮಸ್ಕರಿಸಿದ. ಅದು ಅವನು ಎಂದೂ ತಪ್ಪಿಸದ ಪದ್ಧತಿ. ನಾವು ಮೂವರೂ ಆ ಕೋಣೆಯಲ್ಲೇ ಕುಳಿತೆವು, ಬಾಗಿಲು ಮುಚ್ಚಿ. ಉಂಡೆ ಅವನ ಪಾದದ ಮೇಲೆ ಗಲ್ಲವಿಟ್ಟು ಮಲಗಿತು.

"ಮಲ್ಲಣ್ಣ, ನಾನು ಮಾತು ತಪ್ಪುತ್ತಿದ್ದೇನೆ" ಎಂದೆ. "ಅದರ ಪಾಪ ನನ್ನದು. ನೆಪ ಹೇಳುವುದಿಲ್ಲ. ಇದನ್ನು ಕೂಡಿಸಲು ನಾನು ಒಪ್ಪಲಾರೆ."

ಅವನ ಮುಖ ಸಣ್ಣಗಾಯಿತು. "ಭಾವ, ಮಂಡೀಲಿ ನನ್ನ ಮಾತಿಗೆ ಬೆಲೆ ಬ್ಯಾಡ್ವಾ? ದೊಡ್ಡೋರಿಗೆ ಹೇಳಿದೀನಿ. ಒಬ್ರ ತಾಯಿ ಹಾಸಿಗೆ ಹಿಡಿದವ್ರೆ, ಓಂಕಾರ ಕೇಳ್ತಾ ಪ್ರಾಣ ಬಿಡ್ತೀನಿ ಅಂತಾವ್ರೆ. ಅವ್ರಿಗೆ ಏನ್ ಹೇಳ್ಲಿ? ಆಗಲ್ಲ ಅಂದ್ರೆ ನಾಯಿನ ವಾಪಸ್ ಕೊಡಿ. ಅದಾದ್ರೂ ನ್ಯಾಯ ತಾನೆ?"

ನ್ಯಾಯವೇ. ನಾನು ತಲೆ ತಗ್ಗಿಸಿದೆ. ಪದ್ಧತಿಯ ಪ್ರಕಾರ ಅವನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನಾಗರತ್ನಮ್ಮ, "ಬ್ಯಾಡ ಕಣೋ ಮಲ್ಲ. ಇದಕ್ಕೆ ಮರಿ ಬ್ಯಾಡ. ಹಿಂಗೇ ಇರ್ಲಿ ಬುಡು ನನ್ನತ್ರ" ಎಂದರು.

ಅವನು ಸಿಟ್ಟಿಗಿಂತ ಹೆಚ್ಚಾಗಿ ಬೇಸರದಲ್ಲಿ, ಎಲ್ಲರೂ ದಿನವೂ ಆಡುವ ಮಾತನ್ನೇ ಆಡಿದ. "ಅಲ್ಲಕ್ಕ, ಮರಿ ಹಾಕದೆ ಇರೋ ಗೊಡ್ಡನ್ನ ಕೂಲರ್ ಹಾಕಿ ಯಾರಾದ್ರೂ ಸಾಕ್ತಾರಾ?"

ಗೊಡ್ಡು. ಹಸುವಿಗೆ, ಎಮ್ಮೆಗೆ, ಕಾಯಿ ಬಿಡದ ಮರಕ್ಕೆ ನಮ್ಮ ಕಡೆ ಆಡುವ ಮಾತು. ನಮ್ಮ ಮದುವೆಯ ಮೊದಲ ವರ್ಷಗಳಲ್ಲಿ ನೆಂಟರಿಷ್ಟರ ನಡುವೆ, ಅಡುಗೆಮನೆಗಳಲ್ಲಿ, ನಾಗರತ್ನಮ್ಮ ಒಳಗೆ ಬರುತ್ತಿದ್ದಂತೆ ನಿಂತುಹೋಗುತ್ತಿದ್ದ ಮಾತೂ ಅದೇ. ಅವನಿಗೆ ಅದು ತಿಳಿಯದು. ಆಗ ಅವನು ಅದೇ ಅಡುಗೆಮನೆಗಳ ಮೂಲೆಯಲ್ಲಿ ಅವರ ಸೆರಗು ಹಿಡಿದು ಬೆಲ್ಲ ತಿನ್ನುತ್ತಿದ್ದ ಮಗು.

ನಾಗರತ್ನಮ್ಮ ದನಿ ಏರಿಸಲಿಲ್ಲ. "ಸಾಕ್ತಾರೆ ಕಣೋ" ಎಂದರು. "ಗೊಡ್ಡೂ ಸಾಕ್ತದೆ. ನಿನ್ನ ಯಾರು ಸಾಕಿದ್ದು?"

ಮಲ್ಲಣ್ಣ ಏಳಲು ಹೋಗಿ, ಪಾದದ ಮೇಲೆ ಉಂಡೆ ಮಲಗಿದ್ದುದರಿಂದ ಏಳಲಾಗದೆ ಹಾಗೆಯೇ ಕುಳಿತ. "ನಾನು ನಿಂಗಂದಿದ್ದಲ್ಲ ಅಕ್ಕ" ಎಂದ. ಅವರು, "ಗೊತ್ತು ಬುಡಪ್ಪ. ಮಜ್ಜಿಗೆ ತತ್ತೀನಿ, ಕುಡ್ಕೊಂಡು ಹೋಗು" ಎಂದು ಎದ್ದರು. ಅವರು ಲೋಟ ಹಿಡಿದು ಬರುವಷ್ಟರಲ್ಲಿ ಅವನು ಉಂಡೆಯ ತಲೆಯನ್ನು ಮೆಲ್ಲನೆ ನೆಲಕ್ಕಿಳಿಸಿ, ನನ್ನ ಕಡೆ ನೋಡದೆ ಹೊರಟುಹೋಗಿದ್ದ. ನಾಯಿಗಳು ಕಾರನ್ನು ಬಸ್ಸು ನಿಲ್ದಾಣದ ತಿರುವಿನವರೆಗೂ ಅಟ್ಟಿಸಿಕೊಂಡು ಹೋದವು.

ಆ ಬಳಿಕ ಬೆದೆ ಇಳಿಯಿತು, ನಾಯಿಗಳು ಚದುರಿದವು. ಬಿಸಿಲು ಮಾತ್ರ ಚದುರಲಿಲ್ಲ. ಬಸವಜಯಂತಿಗೆ ಮಲ್ಲಣ್ಣ ಬರಲಿಲ್ಲ. ಅವನು ಬಾರದೆ ಹೋದ ಮೊದಲ ಬಸವಜಯಂತಿ ಅದು. ನಾಗರತ್ನಮ್ಮ ಫೋನು ಮಾಡಿದರೆ ಅವನ ಹೆಂಡತಿ ಎತ್ತಿ, ಮಂಡಿಗೆ ಹೋಗಿದ್ದಾರೆ ಎನ್ನುತ್ತಿದ್ದಳು. ಹೋಗಿ ಮಾತನಾಡಿಸಿ ಬರೋಣವೆಂದರೆ ನಾವಿಬ್ಬರೂ ಒಟ್ಟಿಗೆ ಹೊರಡುವಂತಿಲ್ಲ. ಒಬ್ಬರೇ ಹೋಗಲು ಅವರಿಗೆ ಮನಸ್ಸಿಲ್ಲ, ನನಗೆ ಮುಖವಿಲ್ಲ. ಅದೇ ಕೋಣೆ, ಅದೇ ಒದ್ದೆ ಬೇರಿನ ವಾಸನೆ. ನಾನು ಮಾತು ತಪ್ಪಿದವನೆಂಬುದು ಆ ಗೋಡೆಗಳ ನಡುವೆ ನನ್ನ ಜೊತೆಯಲ್ಲೇ ಕುಳಿತಿರುತ್ತಿತ್ತು. ಪ್ರಾಯಶ್ಚಿತ್ತಕ್ಕೆ ಜಪ ಮಾಡಿದೆ. ಮುಗಿಸಿ ಕಣ್ಣು ತೆರೆದಾಗ, ಉಂಡೆ ಉಸಿರಾಡುತ್ತಿದ್ದರೆ ಸಂತೋಷವಾಗುತ್ತಿತ್ತು. ಹಾಗೆ ಸಂತೋಷಪಡುವವನ ಪ್ರಾಯಶ್ಚಿತ್ತ ಎಂತಹುದು ಎಂದೂ ಅನಿಸುತ್ತಿತ್ತು.

ಮಳೆ ತಡವಾಗಿ ಬಂದಿತು. ಆಷಾಢದಲ್ಲಿ ಗಾಳಿ ತಣ್ಣಗಾದ ಮೇಲೆ ಬೆಂಗಳೂರಿಗೆ ಕರೆದೊಯ್ದು ಚಿಕಿತ್ಸೆ ಮಾಡಿಸಿದೆವು. ಹೊಳ್ಳೆ ಅಗಲಿಸಿದರು, ಗಂಟಲಿನ ಮಾಂಸ ಕತ್ತರಿಸಿದರು, ಮುಂದೆ ಯಾರೂ ಕೇಳಬಾರದೆಂದು ಗರ್ಭಕೋಶವನ್ನೂ ತೆಗೆಸಿದೆವು. ಮನೆಗೆ ಬಂದು ಸ್ವಲ್ಪ ದಿನಕ್ಕೆ, ಪೂಜೆಯ ಹೊತ್ತಿನಲ್ಲಿ ಉಂಡೆ ಹೊಸ್ತಿಲ ಬಳಿ ಮಲಗಿದ್ದರೂ ಸದ್ದೇ ಇರಲಿಲ್ಲ. ನಾನು ಗಾಬರಿಯಿಂದ ಲಿಂಗವನ್ನು ಕರಡಿಗೆಯಲ್ಲಿಟ್ಟು ಬಗ್ಗಿ ನೋಡಿದೆ. ಹೊಟ್ಟೆ ಏರಿ ಇಳಿಯುತ್ತಿತ್ತು. ಸಲೀಸಾಗಿ ನಿದ್ರಿಸುತ್ತಿತ್ತು, ಅಷ್ಟೇ. ಹೂವು ತಂದ ಕಮಲಕ್ಕ ಬಹಳ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ನೊಂದ ದನಿಯಲ್ಲಿ, "ಓಂಕಾರನೇ ಕೊಯ್ಸಾಕ್ಬುಟ್ರಲ್ಲ ಮೇಷ್ಟ್ರೇ" ಎಂದರು. ಬೀದಿಯ ಹೆಂಗಸರು ಬರುವುದು ನಿಂತಿತು.

ಪೂರ್ತಿ ಗುಣವಾಯಿತೆಂದು ತಿಳಿಯಬೇಡಿ. ಹುಟ್ಟಿನಿಂದ ಬಂದದ್ದನ್ನು ಕತ್ತರಿ ಒಂದಿಷ್ಟು ಸಡಿಲಿಸಬಲ್ಲದು, ತೆಗೆದುಹಾಕಲಾರದು. ಈಗ ಒಂದು ಕಣ್ಣಿನಲ್ಲಿ ಹೂವು ಬಂದು ದೃಷ್ಟಿ ಮಂಜಾಗಿದೆ, ಹಿಂಗಾಲು ಕೆಲವೊಮ್ಮೆ ಜಾರುತ್ತದೆ. ಬೇಸಿಗೆ ಬಂದರೆ ಇಂದಿಗೂ ಆ ಕೋಣೆಯೇ ಗತಿ.

ಆ ವರ್ಷದ ಗೌರಿ ಹಬ್ಬ ಬಂದಿತು. ತವರಿನಿಂದ ಬಾಗಿನ ತರುವುದು ತಮ್ಮನ ಕರ್ತವ್ಯ. ಮದುವೆಯಾದ ಕೆಲವು ವರ್ಷ ನಮ್ಮ ಮಾವನವರು ತಂದಿದ್ದರು. ಆಮೇಲೆ ಮಲ್ಲಣ್ಣನೇ, ಸೈಕಲ್ಲಿನಲ್ಲಿ, ಸ್ಕೂಟರಿನಲ್ಲಿ, ಕಾರಿನಲ್ಲಿ. ಅಂದು ನಾಗರತ್ನಮ್ಮ ಗೌರಿಯನ್ನು ಕೂರಿಸಿ, ಹೋಳಿಗೆ ಮಾಡಿ, ಎಲೆ ಹಾಕದೆ ಕಾದರು. ಮಧ್ಯಾಹ್ನ ಒಂದು ಫೋನು ಬಂದಿತು. ಮಲ್ಲಣ್ಣನದಲ್ಲ, ತಿಪಟೂರಿನ ಬಸ್ಸಿನ ಕಂಡಕ್ಟರನದು. "ಅಮ್ಮ, ಒಂದು ಮೊರ ಐತೆ ನಿಮ್ಮ ಹೆಸರಿಗೆ. ಸ್ಟಾಪಿಗೆ ಬನ್ನಿ."

ಅವರು ಹೊಸ ಸೀರೆಯಲ್ಲೇ ಓಡಿದಂತೆ ಹೋದರು. ಮರಳಿ ಬಂದಾಗ ಕೈಯಲ್ಲಿ, ಹಳದಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಬಾಗಿನದ ಮೊರವಿತ್ತು. ಬಳೆ, ಅರಿಸಿನ, ಕುಂಕುಮ, ಬೇಳೆ, ಬೆಲ್ಲ, ಕುಪ್ಪಸದ ಕಣ, ಯಾವುದೂ ಕಡಿಮೆಯಿರಲಿಲ್ಲ. ಒಂದೊಂದನ್ನೂ ಎತ್ತಿ ಕಣ್ಣಿಗೊತ್ತಿಕೊಂಡರು.

ಅಂದಿನಿಂದ ಪ್ರತಿ ವರ್ಷವೂ ಬಾಗಿನ ಬಸ್ಸಿನಲ್ಲೇ ಬರುತ್ತದೆ. ಅವರು ಪ್ರತಿಯಾಗಿ ಹೋಳಿಗೆಯ ಡಬ್ಬಿಯನ್ನು ಅದೇ ಬಸ್ಸಿಗೆ ಕೊಡುತ್ತಾರೆ. ಡಬ್ಬಿ ತೊಳೆದು ಮರಳಿ ಬರುತ್ತದೆ. ಬಸ್ಸಿನಿಂದ ಇಳಿಯುವವರು ಎಲ್ಲರೂ ಇಳಿದು ಮುಗಿಯುವವರೆಗೆ ಅವರು ಅಲ್ಲಿಯೇ ನಿಂತಿರುತ್ತಾರೆಂದು ನಿಲ್ದಾಣದ ಅಂಗಡಿಯವರು ನನಗೆ ಹೇಳಿದ್ದಾರೆ. ನಾನು ಅದನ್ನು ಕಂಡಿಲ್ಲ. ಆ ಹೊತ್ತಿನಲ್ಲಿ ನಾನು ಉಂಡೆಯ ಬಳಿ ಕುಳಿತಿರುತ್ತೇನೆ.

"ಕೊಟ್ಟೋರು ಏನಾದ್ರೂ ಹೇಳಿದ್ರೇನಪ್ಪ?" ಎಂದು ಅವರು ಪ್ರತಿ ಸಲವೂ ಕಂಡಕ್ಟರನನ್ನು ಕೇಳುತ್ತಾರಂತೆ. ಹೋದ ಗೌರಿ ಹಬ್ಬದ ಸಂಜೆ, ಉಂಡೆಯ ಮುಖ ಒರೆಸುತ್ತ, ನನಗೋ ಅದಕ್ಕೋ ತಮಗೋ ತಿಳಿಯದಂತೆ ಅವರು ಆ ಉತ್ತರವನ್ನು ಮತ್ತೆ ಮತ್ತೆ ಹೇಳಿಕೊಂಡರು.

"ಏನಿಲ್ಲ, ಹುಷಾರಾಗಿ ತಲ್ಪಿಸು ಅಂದ್ನಂತೆ. ಹುಷಾರಾಗಿ ತಲ್ಪಿಸು ಅಂದ್ನಂತೆ ಕಣ್ರೀ."